ಆರು ಕಪ್ಪೆಗಳ ಗಿಟಾರ್

ನಿನ್ನೆ ಸಂಜೆ ನನ್ನ ಗಿಟಾರಿನ ಅತಿ ಸಣ್ಣ ತಂತಿ ಪಟ್ಟಂತ ಹರಿಯಿತು. ಹರಿದಿದ್ದು ಒಂದೇ. ಶ್ರುತಿ ಬಿಟ್ಟಿದ್ದು ಉಳಿದ ಐದೂ. ಒಬ್ಬ ರಜೆ ಹಾಕಿದ ಅಂತ ಇಡೀ ಆಫೀಸೇ ಎದ್ದು ಮನೆಗೆ ಹೋದ ಹಾಗೆ. ಬೆರಳಿನ ಮೇಲೆ ತಂತಿ ಗೀರಿದ ಗಾಯ ಇನ್ನೂ ಉರಿಯುತ್ತಿದೆ. ಆ ಉರಿಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಬೇಕಿದ್ದದ್ದು ಇಷ್ಟೇ. ರಾಕ್ ನುಡಿಸೋಕೆ ಒಂದು ಎಲೆಕ್ಟ್ರಿಕ್ ಗಿಟಾರ್, ಜೇಬಿಗೆ ತೂತು ಬೀಳದಂಥದ್ದು. ಅದನ್ನು ಹೋಗಿ ಹೋಗಿ ಒಬ್ಬ ಗೆಳೆಯನ ಹತ್ತಿರ ಹೇಳಿದೆ. ಅವನಿಗೊಂದು ಚಟ. ಯಾವ ಗಿಟಾರ್ ತೋರಿಸಿದರೂ ಎರಡು ಸೆಕೆಂಡು ತಲೆ ಆಡಿಸಿ, "ಚೆನ್ನಾಗಿದೆ ಕಣೋ. ಆದ್ರೆ ಇನ್ನೊಂಚೂರು ಸೇರಿಸಿದ್ರೆ..." ಅನ್ನುತ್ತಾನೆ.

ಮೊದಲು ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಅದುರನ್ನು ಹಿಡಿಯುವ ಒಂಟಿ ಸುರುಳಿ) ಇರುವ, 1954ರ ಸ್ಟ್ರಾಟೋಕ್ಯಾಸ್ಟರ್ ಅನ್ನುವ ಹೆಸರಾಂತ ಗಿಟಾರಿನ ಅಚ್ಚಿನದ್ದೊಂದು ತೋರಿಸಿದೆ. "ರಾಕ್‌ನ ಒರಟು ದನಿಗೆ ಡಿಸ್ಟಾರ್ಷನ್ ಏರಿಸಿ ನೋಡು, ಗುಂಯ್ ಅನ್ನುತ್ತೆ. ಇನ್ನೊಂಚೂರು ಸೇರಿಸಿದ್ರೆ ಹಂಬಕರ್ ಬರುತ್ತೆ." ಇದು ಮಾತ್ರ ಸರಿಯಾದ ಮಾತು, ಒಪ್ಪಲೇಬೇಕು. ಹಂಬಕರಿನಲ್ಲಿ ಎರಡು ಕಾಯಿಲ್ ಅಕ್ಕಪಕ್ಕ ಕೂತಿರುತ್ತವೆ. ಒಂದರ ಗೊಣಗಾಟವನ್ನು ಇನ್ನೊಂದು ಅಡಗಿಸುತ್ತದೆ. (ಸಂಸಾರದಲ್ಲಿ ಎರಡೂ ಕಾಯಿಲ್ ಒಟ್ಟಿಗೇ ಗೊಣಗುತ್ತವೆ, ಅದು ಬೇರೆ ವಿಷಯ.) ಬ್ರಿಡ್ಜಿನ (ತಂತಿಗಳ ಬುಡ ಕೂರುವ ಪಟ್ಟಿ) ಹತ್ತಿರ ಒಂದು ಹಂಬಕರ್, ಅಲ್ಲಾಡದ ಬ್ರಿಡ್ಜ್, ಕೈಗೆ ಚುಚ್ಚದ ಫ್ರೆಟ್ಟು (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ). ಹೊಸಬರ ರಾಕ್‌ಗೆ ಧಾರಾಳ ಸಾಕು. ಅಲ್ಲಿಗೇ ನಿಲ್ಲಿಸಬೇಕಿತ್ತು.

"ಇನ್ನೊಂಚೂರು ಸೇರಿಸಿದ್ರೆ ತೇಲೋ ಬ್ರಿಡ್ಜ್ ಬರುತ್ತೆ. ಸೊಲೊ ಕೊನೇಲಿ ಆ ಕಡ್ಡಿ ಅದುಮಿದ್ರೆ ಸ್ವರ ಪಾತಾಳಕ್ಕೆ ಹೋಗಿ ಬರುತ್ತೆ ನೋಡು!"

ನನಗೆ ಸೊಲೊದ ಮೊದಲೇ ಗೊತ್ತಿಲ್ಲ, ಕೊನೆ ಎಲ್ಲಿಂದ ಬರಬೇಕು? ಆದರೂ ಸೇರಿಸಿದೆ. ತೇಲೋ ಬ್ರಿಡ್ಜ್ ಅಂದರೆ ಒಂದು ಕಡೆ ತಂತಿಗಳು, ಇನ್ನೊಂದು ಕಡೆ ಹಿಂದಿನ ಸ್ಪ್ರಿಂಗುಗಳು ಎಳೆದು ನಡುವೆ ನಿಲ್ಲಿಸಿದ ಬ್ರಿಡ್ಜ್. ಈ ಚೂರುಗಳೆಲ್ಲ ಆಂಪ್‌ಗೆ (ಗಿಟಾರಿನ ದನಿ ಹೊರಡಿಸುವ ಪೆಟ್ಟಿಗೆ) ಅಂತ ತೆಗೆದಿಟ್ಟ ದುಡ್ಡಿನಿಂದ ಹೋದವು. ಈಗ ನನ್ನ ರಾಕ್ ಸಂಗೀತವೆಲ್ಲ ಶೂ ಡಬ್ಬಿಯಷ್ಟು ದೊಡ್ಡ ಆಂಪಿನಿಂದ ಹೊರಡುತ್ತದೆ, ನೆಗಡಿಯಾದವರ ದನಿಯಲ್ಲಿ.

ಸರಿ, ನಿನ್ನೆಗೆ ಬರೋಣ. ತಂತಿ ಹರಿದಿದೆ ಅಂತ ಅವನಿಗೆ ಫೋನ್ ಮಾಡಿದೆ. ಅದೇ ನನ್ನ ಎರಡನೇ ತಪ್ಪು. "ಒಂದು ಯಾಕೋ, ಆರೂ ಬದಲಾಯಿಸು. ಅತಿ ಸಣ್ಣ ತಂತಿ 0.009 ಇಂಚಿರೋ ಸೆಟ್ ಬೇಡ, ಇನ್ನೊಂಚೂರು ದಪ್ಪ, 0.010 ಇಂಚಿಂದು ಹಾಕು. ಟೋನ್ ಬರುತ್ತೆ."

ಆರೂ ತಂತಿ ಒಟ್ಟಿಗೆ ಬಿಚ್ಚಿದೆ. ಮುಂದೆ ಎಳೆಯೋರು ಯಾರೂ ಇಲ್ಲ ಅಂತ ಗೊತ್ತಾದದ್ದೇ ತಡ, ಹಿಂದಿನ ಸ್ಪ್ರಿಂಗುಗಳು ಬ್ರಿಡ್ಜನ್ನು ಸೆಳೆದು ಗುಂಡಿಯೊಳಗೆ ಮಲಗಿಸಿದವು. ಹೊಸ ತಂತಿ ಹಾಕಿದೆ. ದಪ್ಪದ ತಂತಿ ಜಾಸ್ತಿ ಎಳೆಯುತ್ತದೆ, ಈಗ ಬ್ರಿಡ್ಜ್ ಮೂಗೆತ್ತಿ ನಿಂತಿತು. ಇರಲಿ ಅಂತ ಶ್ರುತಿ ಮಾಡತೊಡಗಿದೆ. ಆರನೇ, ಅಂದರೆ ಅತಿ ದಪ್ಪ ತಂತಿಯನ್ನು ಸರಿಯಾಗಿ ಕೂರಿಸಿದೆ. ಐದನೆಯದನ್ನು ಬಿಗಿದೆ, ಆರನೆಯದು ಇಳಿಯಿತು. ನಾಲ್ಕನೆಯದನ್ನು ಬಿಗಿದೆ, ಆರೂ ಐದೂ ಇಳಿದವು. ಒಂದನೆಯದಕ್ಕೆ ಬರುವಷ್ಟರಲ್ಲಿ ಆರನೆಯದು ಅದು ಯಾವ ಸ್ವರ ಅಂತ ಟ್ಯೂನರಿಗೂ ಗುರುತು ಸಿಗಲಿಲ್ಲ. ತಕ್ಕಡಿಯಲ್ಲಿ ಕಪ್ಪೆ ತೂಗೋದು ಅಂತಾರಲ್ಲ, ಅದೇ. ಆರು ಕಪ್ಪೆ. ಒಂದನ್ನು ಹಿಡಿದು ಕೂರಿಸಿದರೆ ಐದು ಹಾರುತ್ತವೆ.

ಮೂರನೇ ಸುತ್ತಿನಲ್ಲಿ ಬೆವರು ಬಂತು. ಐದನೇ ಸುತ್ತಿನಲ್ಲಿ ಆರೂ ಹತ್ತಿರ ಹತ್ತಿರ ಬಂದವು. ಉಸಿರು ಬಿಗಿಹಿಡಿದು, ಕತ್ತಿನ ತುದಿಯಲ್ಲಿ ತಂತಿಗಳನ್ನು ಅದುಮಿ ಹಿಡಿಯುವ ಬೀಗಗಳನ್ನು ಅಲೆನ್ ಕೀಯಿಂದ (ಆರು ಮೂಲೆಯ ಕೀಲಿ) ತಿರುಗಿಸಿದೆ. ಬೀಗ ಬಿಗಿಯುವಾಗ ಒಂದು ತಂತಿ ಕೂದಲೆಳೆಯಷ್ಟು ಏರಿತು. ಅದನ್ನು ನೋಡಿ ಉಳಿದ ಐದೂ ಜಿಗಿದವು. ಅಲೆನ್ ಕೀ ಸೋಫಾದ ಸಂದಿಯಲ್ಲಿ ಬಿತ್ತು. ಇನ್ನೂ ಸಿಕ್ಕಿಲ್ಲ.

ತಮಾಷೆ ಏನು ಗೊತ್ತಾ? 1970ರ ದಶಕದಲ್ಲಿ ಫ್ಲಾಯ್ಡ್ ರೋಸ್ ಅನ್ನುವವರು ಈ ಬೀಗದ ಉಪಾಯ ಕಂಡುಹಿಡಿದದ್ದೇ ಗಿಟಾರಿನ ಶ್ರುತಿ ಕೆಡಬಾರದು ಅಂತ! ಅವರ ಅಸಲಿ ಬ್ರಿಡ್ಜಿಗೆ ಅದು ಸಾಧ್ಯ. ನನ್ನದು ಅದರ ಅಗ್ಗದ ನಕಲು, ಬೀಗ ಇದೆ, ಆದರೆ ಬಾಗಿಲಿಲ್ಲ.

ಚಿಕ್ಕವನಿದ್ದಾಗ ಕನ್ನಡಿ ಮುಂದೆ ಪೊರಕೆ ಹಿಡಿದು ನುಡಿಸುತ್ತಿದ್ದೆ. ಕಣ್ಣು ಮುಚ್ಚಿದರೆ ಸಾಕು, ಸಾವಿರ ಜನ ಕೂಗುತ್ತಿದ್ದರು. ಆ ಪೊರಕೆ ಒಂದು ದಿನವೂ ಶ್ರುತಿ ತಪ್ಪಲಿಲ್ಲ. ಈಗ ಕೈಯಲ್ಲಿ ನಿಜವಾದ ಗಿಟಾರ್ ಇದೆ, ಆ ಜನ ಎಲ್ಲಿ ಹೋದರೋ.

ರಾತ್ರಿ ಹನ್ನೊಂದಕ್ಕೆ ಹಿಂದಿನ ಮುಚ್ಚಳ ತೆಗೆದು, ಅಳೆದು ಕತ್ತರಿಸಿದ ಎರಡು ಮರದ ತುಂಡನ್ನು ಬ್ರಿಡ್ಜಿನ ಎರಡೂ ಪಕ್ಕಕ್ಕೆ ಬೆಣೆ ಹೊಡೆದೆ. ಈಗ ಅದು ಅಲ್ಲಾಡುವುದಿಲ್ಲ. ಅಂದರೆ ಯಾವುದನ್ನು ಬಿಟ್ಟು ಇನ್ನೊಂಚೂರು ಸೇರಿಸಿದ್ದೆನೋ, ಅದೇ ಗಿಟಾರ್ ಆಯಿತು.

ಬೆಳಿಗ್ಗೆ ಹೆಂಡತಿ ಕೆಲಸ ಮಾಡುತ್ತಾ ಏನೋ ಗುನುಗುತ್ತಿದ್ದಳು. ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತ ಕಿವಿಗೊಟ್ಟೆ. ಟೊಂಯ್, ಟೊಂಯ್, ಟೊಂಯ್... ನನ್ನ ಆರು ತಂತಿಗಳೇ, ದಪ್ಪದಿಂದ ಸಣ್ಣಕ್ಕೆ, ವರಸೆಯಾಗಿ.

"ನಿನ್ನೆ ಮೂರು ಗಂಟೆ ಇದನ್ನೇ ಬಾರಿಸಿದ್ರಲ್ಲ, ಬಾಯಿಗೆ ಬಂದುಬಿಟ್ಟಿದೆ," ಅಂದಳು.

ಸುಮ್ನೆ ಅವಳ ಗುನುಗಿಗೆ ಟ್ಯೂನರ್ ಹಿಡಿದು ನೋಡಿದೆ. ಆರಕ್ಕೆ ಆರೂ ಸರಿಯಾಗಿತ್ತು.