ನಾರು ಸಿದ್ಧವಿದೆ, ಡಾಂಬರು ಬರಲಿ

ನಮ್ಮೂರ ರಸ್ತೆಗೆ ಸಸ್ಯನಾರು ಬೆರೆಸಿದ ಡಾಂಬರು ಹಾಕುತ್ತಾರಂತೆ ಎಂಬ ಸುದ್ದಿ ಹಬ್ಬಿದ ದಿನದಿಂದ ಕಲಬುರಗಿ ಸೀಮೆಯ ಪುಂಡಿ ಗಿಡಕ್ಕೆ ಎಲ್ಲಿಲ್ಲದ ಗೌರವ ಬಂದಿದೆ. ನಿನ್ನೆಯವರೆಗೆ ಹೊಲದ ಅಂಚಿನಲ್ಲಿ ನಿಂತು, ಎಲೆಯನ್ನು ಪಲ್ಯಕ್ಕೂ ತೊಗಟೆಯ ನಾರನ್ನು ಹಗ್ಗಕ್ಕೂ ಒಪ್ಪಿಸಿ ಸುಮ್ಮನಿದ್ದ ಗಿಡವದು.

ವಿಜ್ಞಾನವನ್ನು ನಾನು ಹಳಿಯುತ್ತಿಲ್ಲ. ಜರ್ಮನಿಯಲ್ಲಿ 1960ರ ದಶಕದಲ್ಲಿ ರೂಪುಗೊಂಡ ಸ್ಟೋನ್ ಮ್ಯಾಸ್ಟಿಕ್ ಆಸ್ಫಾಲ್ಟ್ ಎಂಬ ಮಿಶ್ರಣದಲ್ಲಿ ದಪ್ಪ ಜಲ್ಲಿಯೂ ಹೆಚ್ಚು, ಡಾಂಬರೂ ಹೆಚ್ಚು. 150 ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ ಆ ಡಾಂಬರು ಜಲ್ಲಿಯನ್ನು ಬಿಟ್ಟು ಲಾರಿಯ ತಳಕ್ಕೆ ಇಳಿಯದಿರಲೆಂದು ಟನ್ ಮಿಶ್ರಣಕ್ಕೆ ಸುಮಾರು 3 ಕಿಲೋ, ಮರ, ಕಾಗದಗಳಿಂದ ತೆಗೆದ ಸೆಲ್ಯುಲೋಸ್ ನಾರು ಸೇರಿಸುತ್ತಾರೆ. ಆ ಜಾಗದಲ್ಲಿ ತೆಂಗು, ಸೆಣಬು, ಕತ್ತಾಳೆಗಳ ನಾರನ್ನೂ ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ.

ತೊಡಕಿರುವುದು ಬೇರೆಡೆ. ಸೋರುವ ಡಾಂಬರನ್ನು ಹಿಡಿದು ನಿಲ್ಲಿಸುವುದು ನಾರಿನ ಕೆಲಸವಾದರೆ, ನಮ್ಮ ರಸ್ತೆಯ ಡಾಂಬರು ಸೋರಿದ್ದು ಲಾರಿಯಲ್ಲಲ್ಲ, ಅಂದಾಜುಪಟ್ಟಿಗೂ ಬಿಲ್ಲಿಗೂ ನಡುವಿನ ಹಾದಿಯಲ್ಲಿ. ಅಲ್ಲಿಗೆ ಎಷ್ಟು ಕಿಲೋ ಪುಂಡಿ ನಾರು ತುರುಕಬೇಕೆಂದು ಯಾವ ಕೈಪಿಡಿಯೂ ಹೇಳಿಲ್ಲ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತೆಂಬುದು ಗಾದೆ. ಇಲ್ಲಿ ಹೂವೇ ನಾಪತ್ತೆ, ಸ್ವರ್ಗಕ್ಕೆ ಹೋಗುವ ಸರದಿ ಬೈಕ್ ಸವಾರರದು.

ಮೊನ್ನೆ ಕುತೂಹಲಕ್ಕೆ ರಸ್ತೆಯಂಚಿನಲ್ಲಿ ಕುಳಿತು ಕಳೆದ ವರ್ಷದ ಡಾಂಬರಿನ ಪದರವನ್ನು ಉಗುರಿನಿಂದ ಎಬ್ಬಿಸಿದೆ. ಒಣಗಿದ ಸಜ್ಜೆ ರೊಟ್ಟಿಯಂತೆ ಅಂಗೈಯಗಲದ ಚೂರು ಸಲೀಸಾಗಿ ಕೈಗೆ ಬಂತು. ಅದರ ಬೆನ್ನಿಗೆ ಗರಿಕೆಯ ಬೇರುಗಳು ಹೆಣೆದುಕೊಂಡಿದ್ದವು. ಅಂದರೆ ಟೆಂಡರಿಲ್ಲದೆ, ಕಮಿಷನ್ನಿಲ್ಲದೆ, ಸಸ್ಯನಾರಿನ ಬಲವರ್ಧನೆ ನಮ್ಮಲ್ಲಿ ಆಗಲೇ ಮುಗಿದಿದೆ. ಬೇರಿನ ಕೆಳಗಿದ್ದದ್ದು ಎರೆಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಮೇಲೆ ಗಟ್ಟಿಯಾದ ಜಲ್ಲಿಹಾಸು, ಪಕ್ಕದಲ್ಲಿ ನೀರು ಹರಿಯಲು ಚರಂಡಿ ಇಲ್ಲದಿದ್ದರೆ ಮೇಲುಪದರಕ್ಕೆ ರೇಷ್ಮೆ ನಾರನ್ನೇ ಹೆಣೆದರೂ ಅದು ಬಿರಿಯುತ್ತದೆ. ಆದರೆ ಚರಂಡಿಗೆ ಉದ್ಘಾಟನೆಯ ಕಳೆ ಇರುವುದಿಲ್ಲ, ನಾರಿಗೆ ಇರುತ್ತದೆ.

ನಮ್ಮ ಪಾಲಿನ ಸಿದ್ಧತೆಯಲ್ಲಂತೂ ಕೊರತೆಯಿಲ್ಲ. ಪುಂಡಿ ಕಟ್ಟುಗಳನ್ನು ಹಳ್ಳದ ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ಒಣಗಿಸಿ ಇಟ್ಟಿದ್ದೇವೆ. ಡಾಂಬರು ಬರುವುದು ತಡವಾದ್ದರಿಂದ ನೆರೆಮನೆಯ ಅಜ್ಜ ಅದರಲ್ಲಿ ಒಂದಿಷ್ಟನ್ನು ಹಗ್ಗ ಹೊಸೆದ. ಕಳೆದ ವಾರ ಗುಂಡಿಯಲ್ಲಿ ಹೂತುಹೋದ ತೊಗರಿ ಚೀಲದ ಆಟೋವನ್ನು ಆರು ಮಂದಿ ಆ ಹಗ್ಗದಿಂದಲೇ ಎಳೆದು ಮೇಲೆ ತಂದರು. ನಾರಿನ ಎಳೆತ ಪರೀಕ್ಷೆ ತೃಪ್ತಿಕರವಾಗಿದೆ ಎಂದು ಯಾರಾದರೂ ಕಡತದಲ್ಲಿ ಬರೆದುಕೊಳ್ಳಬಹುದು.