ಸತ್ಯಾಂಶ: ಮಂಡಿ ಸವೆದವರು ನಡೆಯಬಾರದಾ?

“ಮಂಡಿ ಸವೆದಿದ್ದರೆ ನಡೆಯಲೇಬೇಡಿ, ನಡೆದಷ್ಟೂ ಸವೆಯುತ್ತೆ.” ದಾವಣಗೆರೆಯ ಗ್ರೂಪುಗಳಲ್ಲಿ ಓಡಾಡುತ್ತಿರುವ ಮೆಸೇಜ್ ಇದು. ಇದನ್ನು ನಂಬಿ ನಮ್ಮ ಬೀದಿಯ ಅಜ್ಜಿಯೊಬ್ಬರು ಕುಂದುವಾಡ ಕೆರೆ ಕಡೆ ವಾಕಿಂಗ್ ಹೋಗುವುದನ್ನೇ ಬಿಟ್ಟರು. ಬೇಜಾರಾಯಿತು.

ಈ ಮಾತು ತಪ್ಪು. ಮಂಡಿಯೊಳಗಿನ ಕಾರ್ಟಿಲೇಜ್ ಎಂಬ ಮೆತ್ತೆಗೆ ರಕ್ತನಾಳಗಳಿಲ್ಲ. ಕೀಲಿನ ದ್ರವದಿಂದಲೇ ಅದಕ್ಕೆ ಪೋಷಣೆ. ನಡೆಯುವಾಗ ಅದು ಸ್ಪಂಜಿನ ಹಾಗೆ ಒತ್ತಿ, ಸಡಿಲಾಗಿ ಆ ದ್ರವವನ್ನು ಹೀರಿಕೊಳ್ಳುತ್ತದೆ. ಸುಮ್ನೆ ಕೂತೇ ಇದ್ದರೆ ತೊಡೆಯ ಸ್ನಾಯು ಸೊರಗುತ್ತದೆ, ಮಂಡಿಗೆ ಆಸರೆ ತಪ್ಪುತ್ತದೆ. ಆಗ ನೋವು ಜಾಸ್ತಿಯೇ ಅಲ್ವಾ?

ಸಮತಟ್ಟಾದ ದಾರಿಯಲ್ಲಿ 10 ನಿಮಿಷದಿಂದ ಶುರು ಮಾಡಿ. ಕುರ್ಚಿಯಲ್ಲಿ ಕೂತು ಕಾಲು ನೇರವಾಗಿ ಚಾಚಿ, 5 ಎಣಿಸಿ ಇಳಿಸಿ. ಚಿತ್ರದುರ್ಗದ ಕೋಟೆ ಮೆಟ್ಟಿಲು ಸದ್ಯಕ್ಕೆ ಬೇಡ. ಮಂಡಿ ಕೆಂಪಾಗಿ, ಬಿಸಿಯಾಗಿ ಊದಿದ್ದರೆ ಅಥವಾ ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಮಾತ್ರ ನಡಿಗೆ ನಿಲ್ಲಿಸಿ, ಅವತ್ತೇ ಡಾಕ್ಟರಿಗೆ ತೋರಿಸಿ.