ಸತ್ಯಾಂಶ: ಬಡವರ ಮಕ್ಕಳ ಮೆದುಳು ಹುಟ್ಟಿನಿಂದಲೇ ಚಿಕ್ಕದಾ?

‘ಬಡ ಮಕ್ಕಳ ಮೆದುಳು ಹುಟ್ಟಿನಿಂದಲೇ ಚಿಕ್ಕದು, ಸ್ಕ್ಯಾನ್‌ನಲ್ಲೇ ಸಾಬೀತಾಗಿದೆ’ ಎಂಬ ಸಂದೇಶ ಓಡಾಡುತ್ತಿದೆ. ಇದು ತಪ್ಪು. ಆ ಸಂದೇಶ ಓದಿದ ಅಪ್ಪ ಅಮ್ಮಂದಿರಿಗೆ ಎಷ್ಟು ನೋವಾಗಬಹುದು ಅಲ್ವಾ?

ಅಮೆರಿಕದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾದದ್ದು ನಿಜ. 3ರಿಂದ 20 ವರ್ಷದೊಳಗಿನ 1,099 ಮಂದಿಯ ಸ್ಕ್ಯಾನ್ ನೋಡಿದ್ದರು. ಮನೆಯ ಆದಾಯ ಜಾಸ್ತಿ ಇದ್ದಷ್ಟೂ ಮೆದುಳಿನ ಹೊರಪದರದ ವಿಸ್ತೀರ್ಣ ಸರಾಸರಿಯಲ್ಲಿ ಜಾಸ್ತಿ ಇತ್ತು. ಇದು ಬರೀ ಸರಾಸರಿ. ಒಂದೇ ಆದಾಯದ ಮನೆಗಳ ಮಕ್ಕಳಲ್ಲೂ ತುಂಬಾ ವ್ಯತ್ಯಾಸವಿತ್ತು. ಅದರಲ್ಲಿ ನವಜಾತ ಶಿಶುಗಳು ಇರಲೇ ಇಲ್ಲ, ಹಾಗಾಗಿ ‘ಹುಟ್ಟಿನಿಂದಲೇ’ ಎಂಬ ಮಾತು ಸುಮ್ನೆ ಸೇರಿಸಿದ್ದು. ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನಿಸುತ್ತದೆ: ತೀರಾ ಬಡ ಮನೆಗಳ ನಡುವೆ ಆದಾಯದಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೂ ವಿಸ್ತೀರ್ಣದಲ್ಲಿ ಹೆಚ್ಚು ವ್ಯತ್ಯಾಸ ಕಂಡಿತು.

ಬಡತನ ದೊಡ್ಡವರನ್ನೂ ಬಿಡುವುದಿಲ್ಲ. ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕಟಾವಿನ ಮುಂಚೆ, ಕೈಯಲ್ಲಿ ದುಡ್ಡಿಲ್ಲದಾಗ, ಯೋಚನಾ ಶಕ್ತಿಯ ಪರೀಕ್ಷೆ ಕೊಟ್ಟರು. ಕಟಾವಾಗಿ ಹಣ ಬಂದ ಮೇಲೆ ಮತ್ತೆ ಕೊಟ್ಟರು. ಅದೇ ರೈತರು ಎರಡನೇ ಸಲ ಚೆನ್ನಾಗಿ ಮಾಡಿದರು. ಈ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಕೆಲವೇ ತಿಂಗಳಲ್ಲಿ ಅವರ ಮೆದುಳೇನು ಬೆಳೆದಿರಲಿಲ್ಲ. ಹಣದ ಚಿಂತೆಯೇ ಗಮನವನ್ನು ತಿನ್ನುತ್ತಿತ್ತು ಎಂಬುದು ಸಂಶೋಧಕರ ವಿವರಣೆ.

ಊಟ, ನಿದ್ದೆ, ಒತ್ತಡ, ಕಲುಷಿತ ಗಾಳಿ, ಮನೆಯ ಮಾತುಕತೆ, ಶಾಲೆ ಎಲ್ಲವೂ ಬೆಳೆಯುವ ಮೆದುಳನ್ನು ಮುಟ್ಟುತ್ತವೆ. ಇದರ ನೆರಳು ಮುಪ್ಪಿನವರೆಗೂ ಇರುತ್ತದೆ. ಕಡಿಮೆ ಶಿಕ್ಷಣವನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಮರೆವಿನ ಕಾಯಿಲೆಯಾದ ಡಿಮೆನ್ಷಿಯಾದ ಅಪಾಯಗಳ ಪಟ್ಟಿಯಲ್ಲಿ ಸೇರಿಸಿದೆ. ಅದು ನಾವು ಬದಲಾಯಿಸಬಹುದಾದ ಅಪಾಯಗಳ ಪಟ್ಟಿ.